ಪರದೆಗೆ ಬೆನ್ನು ಮಾಡಿ ನೋಡಿದ ಬೂಟಿನ ಪಿಚ್ಚರ್

ನನ್ನ ಮೊಮ್ಮಗಳು ಅಶ್ವಿನಿಗೆ ಸಿನಿಮಾ ಥೇಟರಿನಲ್ಲಿ ಕೆಲಸ ಸಿಕ್ಕಿದೆ! ಇದನ್ನು ನಾನು ಇಡೀ ಓಣಿಗೆ ಹೇಳಿ ಮುಗಿಸಿದ್ದೇನೆ, ಹಾಲಿನವನಿಗೆ ಹೇಳಿದ್ದೇನೆ, ಅಮರಗೋಳದ ಮಾರ್ಕೆಟ್ಟಿಗೆ ಹೋಗುವ ಬಸ್ಸಿನಲ್ಲಿ ಪಕ್ಕಕ್ಕೆ ಕೂತಿದ್ದ ಗುರುತಿಲ್ಲದ ಹೆಂಗಸಿಗೂ ಹೇಳಿದ್ದೇನೆ. ಹೇಳಲಿಕ್ಕೆ ಇನ್ನು ಯಾರೂ ಉಳಿಯಲಿಲ್ಲವೆಂದು ಈಗ ಬರೆಯಲು ಕೂತಿದ್ದೇನೆ.

ಕೆಲಸವೆಂದರೆ ಅಂಥಿಂಥದಲ್ಲ. ಮಾಲಿನೊಳಗಿನ ತಣ್ಣನೆಯ ಥೇಟರು, ಕರಿ ಕೋಟು, ಎದೆಯ ಮೇಲೆ ಹೆಸರಿನ ಪಟ್ಟಿ, ಕಿವಿಯಲ್ಲಿ ಸದಾ ಗುಯ್‌ಗುಟ್ಟುವ ಒಂದು ಯಂತ್ರ. ಅವಳ ಜೊತೆ ಕೆಲಸಕ್ಕೆ ಸೇರಿದ ಹುಡುಗಿಯರು ರಜೆಯ ದಿನ ಗಿರಮಿಟ್ ತಿನ್ನಲು ನಮ್ಮ ಮನೆಗೆ ಬಂದಿದ್ದರು. "ನಮ್ಮ ಆಯಿನೂ ಟಾಕೀಸಿನ್ಯಾಗ ಕೆಲಸಕ್ಕಿದ್ಲು" ಎಂದು ಅಶ್ವಿನಿ ಹೇಳಿದ್ದೇ ತಡ, ಎಲ್ಲರ ಕಣ್ಣೂ ನನ್ನ ಮೇಲೆ.

"ಏನ್ ಮಾಡ್ತಿದ್ರಿ ಅಜ್ಜಿ? ಟಿಕೀಟ್ ಹರೀತಿದ್ರೇನ್ರಿ?" ಎಂದಳು ಒಬ್ಬಳು.

"ಟಿಕೀಟೂ ಹರೀತಿದ್ನಿ. ಆದ್ರ ಖರೇ ಕೆಲಸ ಅದಲ್ಲ. ಮಂದಿ ಪಿಚ್ಚರ್ ನೋಡ್ತಿದ್ರು, ನಾ ಮಂದೀನ್ನ ನೋಡ್ತಿದ್ನಿ."

ಹುಡುಗಿಯರು ನಕ್ಕರು. ನಗಲಿ. ಅವರಿಗೋಸ್ಕರವೇ ಇದನ್ನು ಬರೆಯುತ್ತಿದ್ದೇನೆ. ನಾನು ಕಲಿತದ್ದು ನಾಲ್ಕನೆಯ ಇಯತ್ತೆ. ಆಮೇಲೆ ಓದಿದ್ದೆಲ್ಲ ಗೋಡೆಯ ಮೇಲಿನ ಪೋಸ್ಟರುಗಳನ್ನೇ. ಹಾಗಾಗಿ ನನ್ನ ಅಕ್ಷರ ಸ್ವಲ್ಪ ದಪ್ಪ.

ನಮ್ಮ ಟಾಕೀಸು ಹುಬ್ಬಳ್ಳಿಯ ಹಳೆಯ ಪೇಟೆಯಲ್ಲಿತ್ತು. ಒಳಗೆ ಎಡಭಾಗ ಪೂರ್ತಿ ಹೆಂಗಸರದು. ಗಂಡಸರಿಗೂ ನಮಗೂ ನಡುವೆ ಎದೆಯೆತ್ತರದ ಹಲಗೆಯ ತಡಿಕೆ. ಈ ಭಾಗಕ್ಕೆ ಗಂಡಸು ಕಾಲಿಡುವಂತಿಲ್ಲ, ಮ್ಯಾನೇಜರ್ ಕೂಡ ತಡಿಕೆಯ ಆಚೆ ನಿಂತೇ ಮಾತಾಡಬೇಕು. ಆದ್ದರಿಂದ ಕತ್ತಲಲ್ಲಿ ಸೀಟು ತೋರಿಸಲು ಒಬ್ಬ ಹೆಂಗಸು ಬೇಕಾಗಿತ್ತು. ನನಗೆ ಸಿಕ್ಕದ್ದು ಆ ಕೆಲಸ. ಕೈಯಲ್ಲಿ ಉದ್ದನೆಯ ಬ್ಯಾಟ್ರಿ, ಈಗಿನವರು ಟಾರ್ಚ್ ಎನ್ನುತ್ತೀರಲ್ಲ, ಅದು. ಊರಿಗೆಲ್ಲ ನಾನು ಬ್ಯಾಟ್ರಿ ನೀಲವ್ವ.

ಹೆಂಗಸರಿಗೆ ಬೇರೆ ಬಾಗಿಲೂ ಇತ್ತು. ಪಕ್ಕದ ಸಂದಿಗೆ ತೆರೆದುಕೊಳ್ಳುವ ಬಾಗಿಲು. ಪಿಚ್ಚರ್ ಮುಗಿಯಲು ಸ್ವಲ್ಪವೇ ಇದೆ ಎನ್ನುವಾಗ ಮೇಲಿನ ಮಷಿನ್ ಕೋಣೆಯಿಂದ ಆಪರೇಟರ್ ಒಂದು ಗಂಟೆ ಒತ್ತುತ್ತಿದ್ದ. ಕೂಡಲೇ ನಾನು ಹೋಗಿ ಆ ಬಾಗಿಲಿನ ಅಗಳಿ ತೆಗೆದು, ಸಂದಿಯಲ್ಲಿ ನಿಂತ ಸೈಕಲ್ಲು, ಕಡಲೆಯ ಗಾಡಿ ಎಲ್ಲವನ್ನೂ ಸರಿಸಬೇಕು. ಗಂಟೆ ಕೇಳಿದ ಹೆಂಗಸರು ಎದ್ದು, ಕೊನೆಯನ್ನು ನಿಂತೇ ನೋಡುತ್ತ ಒಬ್ಬೊಬ್ಬರಾಗಿ ಹೊರಬೀಳುವರು. ಅವರೆಲ್ಲ ಹೊರಬಿದ್ದ ಮೇಲೆಯೇ ಗಂಡಸರ ಬಾಗಿಲು ತೆರೆಯುವುದು. ನೂಕುನುಗ್ಗಲಿನಲ್ಲಿ ಯಾರದೋ ಕೈ ಯಾರಿಗೋ ತಾಗಬಾರದು ಎಂದು ಹಳಬರು ಮಾಡಿಟ್ಟ ಪದ್ಧತಿ. ಒಳ್ಳೆಯ ಪದ್ಧತಿಯೇ. ಆದರೆ ಅದರಿಂದ ನನಗೊಂದು ನಷ್ಟವಾಯಿತು. ನನ್ನ ಇಡೀ ನೌಕರಿಯಲ್ಲಿ ನಾನು ಒಂದು ಪಿಚ್ಚರಿನ ಕೊನೆಯನ್ನೂ ನೋಡಲಿಲ್ಲ! ಕೊನೆ ಬರುವ ಹೊತ್ತಿಗೆ ನಾನು ಸಂದಿಯಲ್ಲಿ ಕಡಲೆಯವನ ಜೊತೆ ಜಗಳಾಡುತ್ತಿರುತ್ತಿದ್ದೆ. ಕಳ್ಳ ಸಿಕ್ಕನೋ, ಮದುವೆ ಆಯಿತೋ, ಎಲ್ಲವನ್ನೂ ಹೊರಬರುವ ಹೆಂಗಸರ ಬಾಯಿಂದಲೇ ಕೇಳಬೇಕು. ಮೂಗು ಒರೆಸುತ್ತ ಬಂದರೆ ಯಾರೋ ಸತ್ತಿದ್ದಾರೆ. ಸೆರಗು ಕೊಡವಿ, "ಅಡಗಿ ಏನ್ ಮಾಡೂದವಾ ಇವತ್ತ" ಎನ್ನುತ್ತ ಬಂದರೆ ಪಿಚ್ಚರ್ ಬಿದ್ದಿತೆಂದೇ ಅರ್ಥ.

ದೇವರ ಪಿಚ್ಚರ್ ಬಂದರೆ ನನ್ನ ಕೆಲಸ ಮುಮ್ಮಡಿ. ಪರದೆಯ ಮೇಲೆ ದೇವಿ ಪ್ರತ್ಯಕ್ಷಳಾದಳೆಂದರೆ ಹೆಂಗಸರು ಎದ್ದು ನಿಂತು ಕರ್ಪೂರ ಹಚ್ಚುವರು. ನಾನು ಒಂದು ಕೈಯಲ್ಲಿ ಬ್ಯಾಟ್ರಿ, ಇನ್ನೊಂದರಲ್ಲಿ ನೀರಿನ ತಂಬಿಗೆ ಹಿಡಿದು ಓಡಾಡಬೇಕು. ಕೆಳಗೆ ಒಡೆದ ತೆಂಗಿನಕಾಯಿಗೆ ಮುತ್ತಿದ ಇರುವೆ ಮುಂದಿನ ಪಿಚ್ಚರಿಗೂ ಹೋಗುತ್ತಿರಲಿಲ್ಲ. ಪ್ರೀತಿಯ ಪಿಚ್ಚರ್ ನೋಡುವವರು "ಯಾಕ ಕುಣೀತಾರವಾ ಇವ್ರು" ಎನ್ನುತ್ತಿದ್ದರು, ಕಚ್ಚುತ್ತಿದ್ದ ಇರುವೆಗೆ ತಾವೇ ಕುಣಿಯುತ್ತ. ಅತ್ತೆ ಸೊಸೆಯನ್ನು ಕಾಡುವ ಪಿಚ್ಚರುಗಳಿಗೆ ಅತ್ತೆ ಸೊಸೆ ಜೊತೆಯಾಗಿ ಬರುವರು. ಹೋಗುವಾಗ ಒಬ್ಬರು ಮುಂದೆ, ಒಬ್ಬರು ಬಹಳ ಹಿಂದೆ.

ಮಕ್ಕಳೇ, ನಿಮಗೆ ಹೇಳಲೇಬೇಕಾದ ಪಿಚ್ಚರ್ ಇವು ಯಾವುವೂ ಅಲ್ಲ. ಅದು ಬೂಟಿನ ಪಿಚ್ಚರ್.

ಪೋಸ್ಟರಿನಲ್ಲಿ ಅದಕ್ಕೆ ಬೇರೇನೋ ಹೆಸರಿತ್ತು. ಊರು ಮಾತ್ರ ಬೂಟಿನ ಪಿಚ್ಚರ್ ಎಂದೇ ಕರೆಯಿತು. ಟೆಲಿಫೋನ್ ಆಫೀಸಿನಲ್ಲಿ ಕೆಲಸ ಮಾಡುವ ಒಬ್ಬ ಹುಡುಗಿ. ಕೆಲಸ ಮುಗಿಸಿ ಮನೆಗೆ ನಡೆದು ಹೋಗುವಾಗ ಅವಳ ಹಿಂದೆ ಯಾರೋ ಬರುತ್ತಾರೆ. ಮುಖ ಕಾಣಿಸುವುದಿಲ್ಲ. ಬರೀ ಬೂಟು. ಟಕ್, ಟಕ್, ಟಕ್. ಅವಳು ನಿಂತರೆ ಅದೂ ನಿಲ್ಲುತ್ತದೆ. ಹೊರಳಿ ನೋಡಿದರೆ ದಾರಿ ಖಾಲಿ. ಮನೆಗೆ ಬಂದು ಬಾಗಿಲು ಹಾಕಿದರೆ ಅಟ್ಟದ ಮೇಲೆ ಟಕ್, ಟಕ್. ದೆವ್ವವೋ ಮನುಷ್ಯನೋ ಒಂದೂ ತಿಳಿಯುವುದಿಲ್ಲ.

ನಮ್ಮ ಮ್ಯಾನೇಜರ್ ಸಾಹೇಬರು ಒಳ್ಳೆಯವರು, ಆದರೆ ತಲೆಯ ತುಂಬ ಪಬ್ಲಿಸಿಟಿ. ಪಿಚ್ಚರ್ ಬರುವ ಮುಂಚೆಯೇ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಎಚ್ಚರಿಕೆ ಕೊಟ್ಟರು. "ಇದರ ಕೊನಿ ಯಾರಾರೆ ಬಾಯಿ ಬಿಟ್ರ, ನಾಳಿಂದ ಕೆಲಸಕ್ಕ ಬರಬ್ಯಾಡ್ರಿ. ನೀಲವ್ವಾ, ನಿನಗೂ ಹೇಳಾಕತ್ತೇನಿ!"

"ನಾ ಎಲ್ಲಿ ಹೇಳ್ಲಿ ಸಾಹೇಬ್ರ? ನಂಗ ಯಾವ ಪಿಚ್ಚರಿನ ಕೊನೀನೂ ಗೊತ್ತಿಲ್ಲಲ್ಲ" ಎಂದೆ.

ಮೊದಲ ದಿನ ಮ್ಯಾಟ್ನಿಗೇ ಟಾಕೀಸು ತುಂಬಿತು. ನಾನು ಯಾವತ್ತಿನಂತೆ ಪರದೆಗೆ ಬೆನ್ನು ಮಾಡಿ, ಗೋಡೆಗೆ ಆತು ನಿಂತಿದ್ದೆ. ಬೂಟಿನ ಸಪ್ಪಳ ಶುರುವಾಯಿತು. ಎದುರಿನ ಮುಖಗಳು ಒಂದೊಂದಾಗಿ ಬದಲಾದವು. ಬಾಯೊಳಗೆ ಸೆರಗು ಹೋಯಿತು. ಕೂಸಿದ್ದವರು ಕೂಸಿನ ಕಣ್ಣು ಮುಚ್ಚಿ ತಮ್ಮ ಕಣ್ಣು ತೆರೆದರು. ಆಮೇಲೆ ಒಬ್ಬಳು ಚೀರಿದಳು ನೋಡಿ, ಇಡೀ ಎಡಭಾಗ ಚೀರಿತು. ಚೀರಿದ ಮೇಲೆ ನಗು. ನಗು ಮುಗಿಯುವ ಮೊದಲೇ ಬುದ್ಧಿವಾದ.

"ಹಿಂದ ನೋಡಬ್ಯಾಡವಾ, ಓಡು! ಓಡು!"

"ಅಟ್ಟಕ್ಯಾಕ ಹತ್ತತಾಳ ಇಕಿ, ಲೈಟ್ ಹಚ್ಚಾಕೇನ ಧಾಡಿ?"

"ಯವ್ವಾ, ಕೈಯಾಗ ಒಂದ ಒನಕಿನಾರ ಹಿಡ್ಕೊ!"

ಎಲ್ಲರಿಗಿಂತ ದೊಡ್ಡ ದನಿ ಖಾತೂನಬಿಯದು. ಬುಟ್ಟಿ ಹೊತ್ತು ಮನೆಮನೆಗೆ ಬಳೆ ತೊಡಿಸುವವಳು. ಊರಿನ ಎಲ್ಲ ಹೆಂಗಸರ ಕೈಯಳತೆ ಅವಳಿಗೆ ಗೊತ್ತು. ಪ್ರತಿ ಹೊಸ ಪಿಚ್ಚರಿನ ಮೊದಲ ಮ್ಯಾಟ್ನಿಗೆ ಬುಟ್ಟಿ ಸಮೇತ ಹಾಜರ್. ಅವಳು ಹೀರೋಯಿನ್‌ಗೆ ಬೈಯುತ್ತಿದ್ದ ರೀತಿಯೇ ಬೇರೆ, ಸ್ವಂತ ಮಗಳಿಗೆ ಬೈದಂತೆ.

ತಡಿಕೆಯ ಆಚೆ ಮಾತ್ರ ಬೇರೆಯೇ ಲೋಕ. ಬೂಟಿನ ಸಪ್ಪಳ ಬಂದಾಗಲೆಲ್ಲ ಗಂಡಸರು ಸೀಟಿ ಹೊಡೆಯುತ್ತಿದ್ದರು. "ಲೇ, ಲಗೂ ನಡಿ, ಮುಂದ ಹೋಗ್ತಾಳ!" ಎಂದು ಬೂಟಿಗೇ ಹುರುಪು ತುಂಬುವವರು ಕೆಲವರು. ಅದಕ್ಕೆ ನಗು. ಒಂದೇ ಪಿಚ್ಚರ್, ಒಂದೇ ಪರದೆ. ನಡುವೆ ಎದೆಯೆತ್ತರದ ಒಂದು ಹಲಗೆ. ಈ ಕಡೆಯವರು ಅವಳ ಜೊತೆ ಓಡುತ್ತಿದ್ದರು, ಆ ಕಡೆಯವರು ಬೂಟು ಹಾಕಿಕೊಂಡಿದ್ದರು. ಅಲ್ಲಿಯೂ ಹೆದರಿ ಸುಮ್ಮನೆ ಕೂತ ಒಳ್ಳೆಯವರು ಇದ್ದರೆನ್ನಿ, ಆದರೆ ಸುಮ್ಮನೆ ಕೂತವರ ದನಿ ಕೇಳಿಸುವುದಿಲ್ಲವಲ್ಲ.

ಈಗ ಕೆಲಸದ ಮೊದಲ ಗುಟ್ಟು ಹೇಳುತ್ತೇನೆ, ನೆನಪಿಡಿ. ಚೀರುವವರ ಚಿಂತೆ ಮಾಡಬೇಡಿ. ಚೀರುವವರಿಗೆ ತಾವು ಕುರ್ಚಿಯ ಮೇಲೆ ಕೂತಿದ್ದೇವೆ ಎನ್ನುವುದು ಗೊತ್ತಿರುತ್ತದೆ. ಎಲ್ಲರೂ ಚೀರುವಾಗ ಚೀರದೆ ಕೂತವರನ್ನು ನೋಡಬೇಕು.

ಆ ದಿನ ಗೋಡೆಯ ಬದಿಯ ಕುರ್ಚಿಯಲ್ಲಿ ಒಬ್ಬ ಹುಡುಗಿ ಚೀರಲಿಲ್ಲ. ಮೊದಲ ಟಕ್ ಕೇಳಿದಾಗ ಎದ್ದು ನಿಂತಳು. ಹಿಂದಿನವರು "ಕುಂದ್ರವಾ" ಎಂದರು, ಕೂತಳು. ಆಮೇಲೆ ಅಲುಗಾಡಲಿಲ್ಲ. ನನಗೆ ಅವಳ ಗುರುತಿತ್ತು. ಮಾಲತಿ ಎಂದು ಹೆಸರು, ಸಮೀಪದಲ್ಲೇ ಟೈಪಿಂಗ್ ಕ್ಲಾಸಿಗೆ ಬರುವವಳು. ಯಾವ ಪಿಚ್ಚರಿದ್ದರೂ ಮ್ಯಾಟ್ನಿಗೆ ಬರುವಳು, ನೋಡಿದ್ದನ್ನೇ ಮತ್ತೆ ಮತ್ತೆ ನೋಡುವಳು. ಪಿಚ್ಚರಿನ ಹುಚ್ಚು ಹಿಡಿದ ಹುಡುಗಿ ಎಂದುಕೊಂಡಿದ್ದೆ. ನಾನು ಬಾಗಿಲು ತೆಗೆಯುತ್ತಿದ್ದ ಹಾಗೆಯೇ ಎಲ್ಲರಿಗಿಂತ ಮೊದಲು ಹೊರಬಿದ್ದು ಓಡುವವಳು ಅವಳೇ.

ಇಂಟರ್‌ವಲ್‌ನಲ್ಲಿ ಎಲ್ಲರೂ ಚುರಮುರಿ ಕೊಳ್ಳಲು ಎದ್ದರು. ಖಾತೂನಬಿ ನಾಲ್ಕು ಜನರನ್ನು ಕೂಡಿಸಿಕೊಂಡು ದೆವ್ವವೋ ಮನುಷ್ಯನೋ ಎನ್ನುವ ಪಂಚಾಯಿತಿ ನಡೆಸಿದ್ದಳು.

"ದೆವ್ವ ಆಗಿದ್ರ ಛಲೋ ಆಗ್ತಿತ್ರೀ ಅಕ್ಕಾರ" ಎನ್ನುತ್ತಿದ್ದಳು. "ಒಂದ ತಾಯಿತ ಕಟ್ಟಿದ್ರ ಮುಗೀತಿತ್ತು. ಇದು ಮನಷ್ಯಾ ಐತಿ. ಇದಕ್ಕ ತಾಯಿತ ಇಲ್ಲ."

ಎಲ್ಲರೂ ನಕ್ಕರು. ಮಾಲತಿ ನಗಲಿಲ್ಲ. ನಾನು ಹತ್ತಿರ ಹೋಗಿ ಬಾಗಿದೆ.

"ಯಾಕ ತಂಗಿ, ಆರಾಮಿಲ್ಲೇನು?"

ಅವಳು ನನ್ನ ಕೈ ಹಿಡಿದುಕೊಂಡಳು. "ಅಕ್ಕಾರ, ಆಕಿ ಉಳೀತಾಳೇನ್ರಿ?"

ಮ್ಯಾನೇಜರ್ ಸಾಹೇಬರ ಎಚ್ಚರಿಕೆ ನೆನಪಿತ್ತು. ಅದಕ್ಕಿಂತ ದೊಡ್ಡ ಮಾತೆಂದರೆ, ಅದು ಮೊದಲ ದಿನದ ಮೊದಲ ಆಟ. ಕೊನೆ ಏನೆಂದು ಹೇಳಲಿಕ್ಕೆ ಇನ್ನೂ ಯಾವ ಹೆಂಗಸೂ ಮೂಗು ಒರೆಸುತ್ತ ಹೊರಬಂದಿರಲಿಲ್ಲ. ಆದರೂ ನನ್ನ ಬಾಯಿಂದ ಬಂತು:

"ಉಳೀತಾಳ."

"ಖರೇ?"

"ಖರೇನ ಉಳೀತಾಳ. ನಾ ನೋಡೇನಿ."

ಆಗ ಅವಳು ಹೇಳಿದಳು. ಟೈಪಿಂಗ್ ಕ್ಲಾಸಿನಿಂದ ಒಬ್ಬ ಅವಳ ಬೆನ್ನು ಬಿದ್ದಿದ್ದ. ಮಾತಾಡುವುದಿಲ್ಲ, ಮುಟ್ಟುವುದಿಲ್ಲ. ಸೈಕಲ್ ತಳ್ಳಿಕೊಂಡು ಹಿಂದೆ ಬರುತ್ತಾನೆ, ನಿಂತರೆ ನಿಲ್ಲುತ್ತಾನೆ. ಗಂಡಸು ಕಾಲಿಡದ ಜಾಗ ಹುಬ್ಬಳ್ಳಿಯಲ್ಲಿ ಅವಳಿಗೆ ಗೊತ್ತಿದ್ದದ್ದು ಒಂದೇ, ಟಾಕೀಸಿನ ಎಡಭಾಗದ ನಮ್ಮ ಹೆಂಗಸರ ಕ್ಲಾಸು. ಅದಕ್ಕೇ ಬಂದು ಕೂರುತ್ತಿದ್ದಳು. ಅವನೂ ಟಿಕೀಟ್ ತೆಗೆದು ತಡಿಕೆಯ ಆಚೆ ಕೂರುತ್ತಿದ್ದ, ಅವಳು ಗಂಡಸರ ಬಾಗಿಲು ತೆರೆಯುವ ಮೊದಲೇ ಸಂದಿಯಿಂದ ಹೊರಬಿದ್ದು ಬಸ್ಸು ಹಿಡಿಯುತ್ತಿದ್ದಳು.

"ಮನ್ಯಾಗ ಹೇಳಿಯಿಲ್ಲೋ?"

"ಹೇಳಿದ್ರ ಆಂವನ್ನ ಬಿಡಸೂದಿಲ್ರಿ, ನನ್ನ ಕ್ಲಾಸ್ ಬಿಡಸ್ತಾರ. ಪರೀಕ್ಷಾ ಹತ್ರ ಬಂದೈತ್ರಿ. ಪಾಸಾದ್ರ ನೌಕರಿ, ಇಲ್ಲಂದ್ರ ಮದಿವಿ. ವರಾ ನೋಡಾಕತ್ತಾರ."

ಇಷ್ಟರಲ್ಲಿ ದೀಪ ಆರಿತು. ನಾನು ಗೋಡೆಗೆ ಆತು ನಿಂತೆ. ಉಳಿಯುತ್ತಾಳೆ ಎಂದುಬಿಟ್ಟಿದ್ದೇನಲ್ಲ, ಆ ಪಿಚ್ಚರ್ ತೆಗೆದ ಪುಣ್ಯಾತ್ಮ ಏನು ಮಾಡಿದ್ದಾನೋ! ಗಂಟೆ ಹೊಡೆಯಿತು. ಹೋಗಿ ಅಗಳಿ ತೆಗೆದೆ. ಒಬ್ಬರೂ ಹೊರಗೆ ಬರಲಿಲ್ಲ. ಇಂಥದು ಎಂದೂ ಆಗಿರಲಿಲ್ಲ. ಕಡಲೆಯವನು "ಯಾಕ ನೀಲವ್ವ, ಇವತ್ತ ಬೈಯೂದಿಲ್ಲೇನು?" ಎಂದ. "ಬಾಯಿ ಮುಚ್ಚು" ಎಂದು ಬಾಗಿಲಿಗೆ ಕಿವಿ ಹಚ್ಚಿದೆ. ಟಕ್, ಟಕ್. ಆಮೇಲೆ ಏನೂ ಇಲ್ಲ. ಒಂದು ಕೂಸೂ ಅಳುತ್ತಿಲ್ಲ. ಆಮೇಲೆ ಬಂತು ನೋಡಿ, ಚಪ್ಪಾಳೆ! ಹೆಂಗಸರ ಕ್ಲಾಸಿನಿಂದ ಸೀಟಿ! ನಮ್ಮ ಕಡೆಯಿಂದ ಸೀಟಿ ಕೇಳಿದ್ದು ಅದೇ ಮೊದಲು. ಹೊಡೆದವಳು ಖಾತೂನಬಿ ಎಂದು ಆಮೇಲೆ ಗೊತ್ತಾಯಿತು.

ಅವಳು ಉಳಿದಿದ್ದಳು. ಕಡಲೆಯವನಿಗೆ ಏನೂ ಅರ್ಥವಾಗದಿದ್ದರೂ ನಾನು ಅವನ ಭುಜ ಹಿಡಿದು ಅಲ್ಲಾಡಿಸಿದೆ.

ಆದರೆ ಎಲ್ಲರೂ ಕೊನೆಯವರೆಗೆ ಕೂತದ್ದರಿಂದ ಗಂಡಸರು ಕಾಯದೆ ನೂಕಿ ತಮ್ಮ ಬಾಗಿಲನ್ನೂ ಆಗಲೇ ತೆರೆಸಿದ್ದರು. ಸಂದಿಯ ಬಾಯಲ್ಲಿ ಒಬ್ಬ ಸೈಕಲ್ ಹಿಡಿದು ನಿಂತಿದ್ದ. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕೂದಲು. ನೋಡಿದರೆ ಯಾರೂ ಅನುಮಾನ ಪಡದ ಮುಖ. ಮಾಲತಿ ಅವನನ್ನು ಕಂಡು ನನ್ನ ಬೆನ್ನ ಹಿಂದೆ ಸರಿದಳು. ಅವಳನ್ನು ಒಳಗೇ ಕೂರಿಸಿಕೊಂಡು, ಅವನು ಹೋದ ಮೇಲೆ ಬಸ್ಸಿಗೆ ಹತ್ತಿಸಿದೆ. ಆದರೆ ದಿನಾ ಹಾಗೆ ಮಾಡಲು ಆಗುತ್ತದೆಯೇ? ಬೂಟಿನ ಪಿಚ್ಚರಿಗೆ ಯಾರೂ ಗಂಟೆ ಹೊಡೆದಾಗ ಏಳುತ್ತಲೇ ಇರಲಿಲ್ಲ. ಅವಳೊಬ್ಬಳೇ ಮೊದಲು ಎದ್ದು ಹೋದರೆ ಸಂದಿಯಲ್ಲಿ ಒಬ್ಬಳೇ. ಎಲ್ಲರ ಜೊತೆ ಹೋದರೆ ಗಂಡಸರ ಬಾಗಿಲೂ ತೆರೆದಿರುತ್ತದೆ. ಆದರೂ ಬರುತ್ತಿದ್ದಳು, ಬೂಟಿನ ಸಪ್ಪಳ ಬಂದಾಗ ಕಿವಿ ಮುಚ್ಚಿಕೊಂಡು ಕೂರುತ್ತಿದ್ದಳು. "ಹೊರಗಿನ ಬೂಟಿಗಿಂತ ಒಳಗಿನ ಬೂಟ ವಾಸೀರಿ ಅಕ್ಕಾರ" ಎನ್ನುತ್ತಿದ್ದಳು.

ಈ ನಡುವೆ ನಮ್ಮ ಸಾಹೇಬರ ತಲೆಗೆ ಒಂದು ಪಬ್ಲಿಸಿಟಿ ಹೊಳೆಯಿತು. ಯಾರಿಗೂ ಹೇಳಲಿಲ್ಲ, ನನಗಂತೂ ಇಲ್ಲವೇ ಇಲ್ಲ. ಗಂಡಸರ ಬಾಗಿಲು ಕಾಯುವ ಬಾಷಾ ಎಂಬ ಬಡಪಾಯಿ ಇದ್ದ. ಉದ್ದ ಮನುಷ್ಯ, ಮೃದು ಸ್ವಭಾವ, ಇಲಿ ಕಂಡರೆ ಕುರ್ಚಿ ಹತ್ತುವವನು. ಅವನಿಗೆ ಕರಿ ಕೋಟು, ದೊಡ್ಡ ಬೂಟು ತೊಡಿಸಿ, ಟೊಪ್ಪಿಗೆ ಮುಖದ ಮೇಲೆ ಎಳೆದು, ಸಂದಿಯಲ್ಲಿ ಅಡಗಿಸಿ ನಿಲ್ಲಿಸಿದರು. ಹೆಂಗಸರು ಹೊರಬಂದ ಕೂಡಲೇ ಹಿಂದಿನಿಂದ ಟಕ್, ಟಕ್ ನಡೆಯಬೇಕು. ಹೆಂಗಸರು ಚೀರುತ್ತಾರೆ, ಊರೆಲ್ಲ ಸುದ್ದಿಯಾಗುತ್ತದೆ, ಮರುದಿನ ಟಾಕೀಸು ತುಂಬಿ ತುಳುಕುತ್ತದೆ. ಇದು ಅವರ ಲೆಕ್ಕ.

ಪಿಚ್ಚರ್ ಬಿಟ್ಟಿತು. ಹೆಂಗಸರು ಹೊರಬಂದರು. ಟಕ್.

ಎಲ್ಲರೂ ನಿಂತರು. ಬೂಟೂ ನಿಂತಿತು. ಬಾಷಾ ಹೇಳಿಕೊಟ್ಟದ್ದನ್ನು ಚೆನ್ನಾಗಿಯೇ ಕಲಿತಿದ್ದ.

ಟಕ್, ಟಕ್.

ಸಾಹೇಬರು ಮರೆತ ಸಂಗತಿ ಒಂದಿತ್ತು. ಕುರ್ಚಿಯ ಮೇಲೆ ಕೂತವರು ಚೀರುತ್ತಾರೆ, ಕಾಲ ಮೇಲೆ ನಿಂತವರ ಕಾಲಲ್ಲಿ ಚಪ್ಪಲಿ ಇರುತ್ತದೆ. ಖಾತೂನಬಿ ಬುಟ್ಟಿಯನ್ನು ಮೆಲ್ಲಗೆ, ಒಂದು ಬಳೆಯೂ ಸಪ್ಪಳ ಮಾಡದಂತೆ, ಕೆಳಗಿಟ್ಟಳು. ಆಮೇಲೆ ಏನಾಯಿತೆಂದು ನಾನು ಸರಿಯಾಗಿ ಹೇಳಲಾರೆ, ಬರೀ ಕೈಗಳು ಕಾಣಿಸುತ್ತಿದ್ದವು.

"ಟಕ್ ಟಕ್ ಮಾಡ್ತಿಯೇನೊ ಭಾಡ್ಯಾ!"

"ನಾನ್ರಿ! ನಾನು ಬಾಷಾರಿ! ಸಾಹೇಬ್ರು ಹೇಳ್ಯಾರ್ರಿ!"

"ಸಾಹೇಬ್ರನ್ನೂ ಕರಿ ಇಲ್ಲೆ! ಇನ್ನೊಂದ ಕಾಲಿನ ಚಪ್ಪಲ್ ಹಂಗ ಉಳದೈತಿ!"

ಸಾಹೇಬರು ಬಾಗಿಲಿನಿಂದ ಇಣುಕಿ ನೋಡಿ, ಅಗಳಿ ಹಾಕಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ.

ಟೊಪ್ಪಿಗೆ ಬಿದ್ದು ಬಾಷಾನ ಮುಖ ಕಂಡಾಗ ಎಲ್ಲರೂ ಕೈ ನಿಲ್ಲಿಸಿದರು. ಒಬ್ಬಳು ನಿಲ್ಲಿಸಲಿಲ್ಲ. ಮಾಲತಿ. ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಚಪ್ಪಲಿಯಿಂದ ಆ ಕೋಟಿಗೆ ಬಾರಿಸುತ್ತಲೇ ಇದ್ದಳು. "ತಂಗಿ, ಇಂವ ನಮ್ಮ ಬಾಷಾ" ಎಂದು ನಾನು ಕೈ ಹಿಡಿದೆ. ಅವಳು ಕಣ್ಣು ತೆರೆದು ನೋಡಿ, ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತಳು. ಬಾಷಾನೂ ಪಕ್ಕದಲ್ಲಿ ಕೂತ. "ಅಳಬ್ಯಾಡ ಬೇಟಿ, ನನಗೇನ ನೋವಾಗಿಲ್ಲ. ಕೋಟ ದಪ್ಪ ಐತಿ" ಎಂದ. ಅವನ ಕಿವಿ ಕೆಂಪಗಾಗಿತ್ತು.

ಹೆಂಗಸರು ಸುತ್ತುವರಿದರು. ಮಾಲತಿ ತಾನೇ ಹೇಳಿದಳು, ಕ್ಲಾಸು, ಸೈಕಲ್ಲು, ಪರೀಕ್ಷೆ, ವರ, ಎಲ್ಲ. "ಪೊಲೀಸರಿಗೆ ಹೇಳೂಣ" ಎಂದಳು ಒಬ್ಬಳು. "ಹೇಳಿದ್ರ ಮನಿಗೆ ಬರ್ತಾರ, ಮನ್ಯಾಗ ಗೊತ್ತಾಗ್ತೈತ್ರಿ" ಎಂದಳು ಮಾಲತಿ. "ಹೊಡ್ಯೂಣ" ಎಂದಳು ಇನ್ನೊಬ್ಬಳು. ಖಾತೂನಬಿ ತಲೆಯಾಡಿಸಿದಳು.

"ಹೊಡದ್ರ ಮಂದಿ ಕೂಡ್ತಾರ. ಯಾಕ, ಯಾರ ಹುಡುಗಿ ಅಂತ ಕೇಳ್ತಾರ. ಬ್ಯಾಡ." ಬುಟ್ಟಿ ಎತ್ತಿ ತಲೆಯ ಮೇಲಿಟ್ಟುಕೊಂಡಳು. "ಎಷ್ಟ ದಿನದಿಂದ ಈ ಪಿಚ್ಚರ್ ನೋಡಾಕತ್ತೀವಿ? ಏನಾರ ಕಲ್ತೀವೋ ಇಲ್ಲೋ?"

ಮರುದಿನ ಮ್ಯಾಟ್ನಿ ಬಿಟ್ಟಾಗ ಅವನು ಯಾವತ್ತಿನಂತೆ ಸಂದಿಯ ಬಾಯಲ್ಲಿ ನಿಂತಿದ್ದ. ಮಾಲತಿಯನ್ನು ಗಂಡಸರ ಕಡೆಯ ಬಾಗಿಲಿನಿಂದ ಬಾಷಾ ಕರೆದುಕೊಂಡು ಹೋಗಿ ಬಸ್ಸಿಗೆ ಹತ್ತಿಸಿದ್ದ. ಸಂದಿಯಿಂದ ಹೊರಬಂದವರು ನಾವು. ಎಲ್ಲರೂ ಅವನ ಹತ್ತಿರ ಬಂದು ನಿಂತೆವು. ಅವನು ನಮ್ಮನ್ನು ನೋಡಿದ, ನಾವು ಅವನನ್ನು ನೋಡಿದೆವು. ಯಾರೂ ಮಾತಾಡಲಿಲ್ಲ. ಅವನು ಸೈಕಲ್ ತಿರುಗಿಸಿ ನಡೆದ. ನಾವೂ ನಡೆದೆವು.

ಅವನು ನಿಂತ. ನಾವೂ ನಿಂತೆವು.

ಸೈಕಲ್ ಹತ್ತಿ ಹೋಗಬಹುದಿತ್ತಲ್ಲ ಎನ್ನುತ್ತೀರಿ. ಹತ್ತಿದ, ಆದರೆ ದುರ್ಗದಬೈಲಿನ ಸಂಜೆಯ ಗದ್ದಲದಲ್ಲಿ ಸೈಕಲ್ಲು ಎಲ್ಲಿ ಓಡೀತು? ಇಳಿದು ತಳ್ಳಲೇಬೇಕಾಯಿತು. ಅವನ ಹಿಂದೆ ಬಳೆಬುಟ್ಟಿಯ ಖಾತೂನಬಿ, ಅವಳ ಹಿಂದೆ ಕಂಕುಳಲ್ಲಿ ಕೂಸು ಇದ್ದವರು, ಚೀಲದಲ್ಲಿ ಕೊತ್ತಂಬರಿ ಇದ್ದವರು, ಎಲ್ಲರ ಹಿಂದೆ ನಾನು, ಹಗಲುಹೊತ್ತಿನಲ್ಲಿ ಬ್ಯಾಟ್ರಿ ಹಚ್ಚಿ ಅವನ ಬೆನ್ನ ಮೇಲೆ ಬಿಡುತ್ತ. ಯಾಕೆ ಹಚ್ಚಿದೆನೋ ದೇವರೇ ಬಲ್ಲ, ಕೈಗೆ ಅದೇ ಅಭ್ಯಾಸ. ತರಕಾರಿಯವರು ತಕ್ಕಡಿ ಹಿಡಿದುಕೊಂಡೇ ನೋಡಿದರು. "ಎಲ್ಲೆ ಹೊಂಟೀರಿ ಎಲ್ಲಾರೂ?" ಎಂದು ಯಾರೋ ಕೇಳಿದರು. "ಇವ್ರ ಮನಿಗೆ" ಎಂದಳು ಖಾತೂನಬಿ. ದಾರಿಯುದ್ದಕ್ಕೂ ನಮ್ಮಲ್ಲಿ ಒಬ್ಬರು ಆಡಿದ ಮಾತು ಅದೊಂದೇ.

ಅವನು ಹೊರಳಿ ಹೊರಳಿ ನೋಡುತ್ತಿದ್ದ. ಅಂಗಿಯ ಬೆನ್ನು ಒದ್ದೆಯಾಗಿತ್ತು. ನಾನು ಎಷ್ಟೋ ಮುಖಗಳಲ್ಲಿ ಭಯ ನೋಡಿದವಳು. ಅವನು ಚೀರಲಿಲ್ಲ.

ಕೊನೆಗೆ ಅವನ ಮನೆ ಬಂತು. ಕಟ್ಟೆಯ ಮೇಲೆ ಅವನ ತಾಯಿ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮಗನನ್ನು ನೋಡಿದಳು, ಮಗನ ಹಿಂದಿನ ಮೆರವಣಿಗೆ ನೋಡಿದಳು.

"ಅಕ್ಕಾರ" ಎಂದಳು ಖಾತೂನಬಿ, ಬುಟ್ಟಿ ಇಳಿಸುತ್ತ, ಬಹಳ ಮರ್ಯಾದೆಯಿಂದ. "ನಿಮ್ಮ ಮಗಾ ದಿನಾ ದಾರಿ ತಪ್ಪಿ ಟಾಕೀಸಿನ ಸಂದಿಗೆ ಬರ್ತಾನ್ರಿ, ಹೆಣ್ಮಕ್ಕಳ ಹಿಂದ. ಪಾಪ, ಮನಿ ಸಿಗವಲ್ದು ಅಂತ ನಾವ ಬಿಡಾಕ ಬಂದ್ವಿ. ನಾಳೆನೂ ತಪ್ಪಿದ್ರ ನಾಳೆನೂ ಬರ್ತೀವಿ. ನಮಗೇನ ಬ್ಯಾಸರಿಲ್ಲ."

ತಾಯಿ ಮೊರ ಕೆಳಗಿಟ್ಟಳು. ಆಮೇಲೆ ಮಗನ ಕಡೆ ತಿರುಗಿ, "ಸೈಕಲ್ ಕೀಲಿ ತಾ ಇಲ್ಲೆ" ಎಂದಳು. ನಮ್ಮ ಕಡೆ ತಿರುಗಿ, "ಚಾ ಕುಡುದ ಹೋಗ್ರೆವಾ" ಎಂದಳು. ಕುಡಿದೇ ಬಂದೆವು. ಖಾತೂನಬಿ ಆ ತಾಯಿಗೆ ಅಲ್ಲೇ ಕೂತು ಬಳೆ ತೊಡಿಸಿದಳು, ಬೇಡವೆಂದರೂ ಬಿಡದೆ.

ಅವನು ಮತ್ತೆ ಸಂದಿಯಲ್ಲಿ ಕಾಣಿಸಲಿಲ್ಲ. ಮಾಲತಿಯ ಮನೆಗೆ ಯಾವ ಸುದ್ದಿಯೂ ಹೋಗಲಿಲ್ಲ. ಅಷ್ಟು ಹೆಂಗಸರು ಒಂದು ಗುಟ್ಟನ್ನು ಹೊಟ್ಟೆಯಲ್ಲಿ ಇಟ್ಟುಕೊಂಡದ್ದನ್ನು ನಾನು ಇವತ್ತಿಗೂ ಪವಾಡ ಎಂದೇ ಎಣಿಸುತ್ತೇನೆ. ಪಿಚ್ಚರಿನ ಕೊನೆಯನ್ನು ಮಾತ್ರ ಮೊದಲ ದಿನವೇ ಊರಿಗೆಲ್ಲ ಹೇಳಿಬಿಟ್ಟಿದ್ದರು!

ತಡಿಕೆಯ ಆಚೆಗೂ ಸುದ್ದಿ ಹಬ್ಬಿತ್ತು, ಹುಡುಗಿಯ ಹೆಸರಿಲ್ಲದೆ. ಒಂದು ದಿನ ಬೂಟಿನ ಸಪ್ಪಳಕ್ಕೆ ಯಾರೋ ಸೀಟಿ ಹೊಡೆದರು. ಖಾತೂನಬಿ ಎದ್ದು ನಿಂತು, ತಡಿಕೆಯ ಮೇಲೆ ಮುಖ ಇಟ್ಟು, "ಯಾರ್ರೀ ಅವ್ರು? ಪಿಚ್ಚರ್ ಬಿಟ್ಟ ಮ್ಯಾಲ ನಿಲ್ರಿ, ಮನಿತನಕ ಬಿಡ್ತೀವಿ" ಎಂದಳು. ಗಂಡಸರ ಕಡೆಯೇ ಮೊದಲು ನಗು ಎದ್ದಿತು. ಸೀಟಿ ಮಾತ್ರ ಆಮೇಲೆ ಕೇಳಲಿಲ್ಲ.

ಆ ಪಿಚ್ಚರ್ ಟಾಕೀಸಿನಿಂದ ಹೋಗುವ ಮುನ್ನ ಮಾಲತಿ ಮತ್ತೊಮ್ಮೆ ಬಂದಳು. ಪರೀಕ್ಷೆ ಮುಗಿಸಿ, ತಂಗಿಯನ್ನು ಕರೆದುಕೊಂಡು. ನಡುವಿನ ಸಾಲಿನಲ್ಲಿ, ಎಲ್ಲರ ಜೊತೆ ಕೂತಳು. ಅಟ್ಟದ ಮೇಲೆ ಬೂಟಿನ ಸಪ್ಪಳ ಬಂತು. ಅವಳು ಬಾಯಿ ತೆರೆದು ಚೀರಿದಳು ನೋಡಿ, ಅಬ್ಬಾ, ಖಾತೂನಬಿಯ ದನಿಯನ್ನೂ ಮೀರಿಸಿತು! ಚೀರಿ ತಂಗಿಯ ಮೇಲೆ ಬಿದ್ದು ನಕ್ಕಳು. ಕತ್ತಲಲ್ಲಿ ನನಗೆ ಕಣ್ಣು ತುಂಬಿ ಬಂತು. ಆಮೇಲೆ ಅವಳು ಪಾಸಾಗಿ ಧಾರವಾಡದಲ್ಲಿ ನೌಕರಿಗೆ ಸೇರಿದಳು, ಕೆಲಗೇರಿಯಲ್ಲಿ ಮನೆ ಮಾಡಿದಳು. ಆದರೆ ಅವಳು ಪಾರಾದಳೆಂದು ನನಗೆ ತಿಳಿದದ್ದು ಆ ಚೀರಿನಿಂದಲೇ.

ಕಾಲ ಹೋಯಿತು. ತಡಿಕೆ ತೆಗೆದರು, ಹೆಂಗಸರ ಕ್ಲಾಸು ಹೋಯಿತು. ನಾನು ನಿವೃತ್ತಳಾದ ಮೇಲೆ ಟಾಕೀಸೇ ಹೋಗಿ ಕಲ್ಯಾಣ ಮಂಟಪವಾಯಿತು. ಪರದೆ ಇದ್ದ ಜಾಗದಲ್ಲಿ ಈಗ ವಧೂವರರು ನಿಲ್ಲುತ್ತಾರೆ. ಅಲ್ಲಿಗೆ ಊಟಕ್ಕೆ ಹೋದಾಗಲೂ ನಾನು ಪಂಕ್ತಿಯಲ್ಲಿ ಯಾರು ಉಣ್ಣದೆ ಕೂತಿದ್ದಾರೆ ಎಂದು ನೋಡುತ್ತೇನೆ.

ಮೊನ್ನೆ ಅಶ್ವಿನಿ ನನ್ನನ್ನು ತನ್ನ ಥೇಟರಿಗೆ ಕರೆದುಕೊಂಡು ಹೋದಳು. ದಾರಿಯಲ್ಲಿ ಓಡುವ ಮೆಟ್ಟಿಲು ಹತ್ತಲು ನಾನು ಪಟ್ಟ ಪಾಡು ಬೇರೆಯೇ ಕಥೆ. ಕುರ್ಚಿ ಎಂದರೆ ಹಾಸಿಗೆಯಂತಿತ್ತು. ಪಿಚ್ಚರು ನೋಡಿದರೆ, ಅಯ್ಯೋ, ಮತ್ತೆ ಅದೇ! ಒಬ್ಬ ಹುಡುಗಿ, ಅವಳ ಬೆನ್ನು ಬಿದ್ದ ಒಬ್ಬ. ಈಗ ಬೂಟಿಲ್ಲ. ಅವಳ ಫೋನು ತಾನಾಗಿಯೇ ಬೆಳಗುತ್ತದೆ, ಅವಳು ಎಲ್ಲಿದ್ದರೂ ಅವನಿಗೆ ಗೊತ್ತಾಗುತ್ತದೆ.

ನಾನು ಜೀವಮಾನದಲ್ಲಿ ಮೊದಲ ಸಲ ಪರದೆಗೆ ಮುಖ ಮಾಡಿ ಇಂಥ ಪಿಚ್ಚರ್ ನೋಡಿದೆ. ಫೋನು ಬೆಳಗಿದಾಗ ಎಲ್ಲರಿಗಿಂತ ಮೊದಲು ಚೀರಿದವಳು ನಾನೇ! ಇಡೀ ಸಾಲು ನನ್ನ ಕಡೆ ತಿರುಗಿ ನಕ್ಕಿತು. ಪಕ್ಕದ ಹುಡುಗ "ಅಜ್ಜಿ, ನೀವು ಅಂಜಿದ್ದ ನೋಡಿ ನಾನೂ ಅಂಜಿದ್ನಿರಿ" ಎಂದ.

ಅಂಜಿಕೆ ತಡೆಯದೆ ಪಕ್ಕಕ್ಕೆ ನೋಡಿದೆ. ಗೋಡೆಗೆ ಆತು, ಪರದೆಗೆ ಬೆನ್ನು ಮಾಡಿ, ಕರಿ ಕೋಟಿನ ಒಬ್ಬಳು ನಿಂತಿದ್ದಳು. ಪಿಚ್ಚರಿನ ಬೆಳಕು ಅವಳ ಭುಜದ ಮೇಲೆ ಬೀಳುತ್ತಿತ್ತು. ಅವಳು ಸಾಲು ಸಾಲಾಗಿ ಮುಖಗಳನ್ನು ನೋಡುತ್ತಿದ್ದಳು. ನಾನು ಹೇಳಿಕೊಟ್ಟಿರಲಿಲ್ಲ. ನನ್ನ ಅಶ್ವಿನಿ! ಒಂದು ಸಾಲಿನ ಕೊನೆಯಲ್ಲಿ ಸುಮ್ಮನೆ ಕೂತಿದ್ದ ಒಬ್ಬ ಹುಡುಗಿಯ ಹತ್ತಿರ ಹೋಗಿ, ಬಾಗಿ ಏನೋ ಕೇಳಿ, ನೀರಿನ ಬಾಟಲಿ ಕೊಟ್ಟು, ಸ್ವಲ್ಪ ಹೊತ್ತು ಅಲ್ಲೇ ಮೊಣಕಾಲೂರಿ ಕೂತಳು. ಆಮೇಲೆ ನನ್ನ ಹತ್ತಿರ ಬಂದಳು.

"ಆಯಿ, ಭಾಳ ಅಂಜಿಕಿ ಬಂತೇನ?"

"ಆಕಿ ಉಳೀತಾಳೇನ?" ಎಂದು ಕೇಳಿದೆ. ಅವಳ ಕೈ ಹಿಡಿದುಕೊಂಡೇ ಕೇಳಿದೆ, ಸುಳ್ಳು ಯಾಕೆ ಹೇಳಲಿ.

"ಉಳೀತಾಳ" ಎಂದಳು ಅಶ್ವಿನಿ, ಒಂದು ಕ್ಷಣವೂ ತಡೆಯದೆ. "ಖರೇನ. ನಾ ನೋಡೇನಿ."

ಅಷ್ಟರಲ್ಲಿ ಅವಳ ಕಿವಿಯ ಯಂತ್ರ ಗುಯ್ ಎಂದಿತು. ಪಿಚ್ಚರ್ ಮುಗಿಯಲು ಬಂದಿತ್ತು, ಬಾಗಿಲು ತೆಗೆಯಲು ಓಡಿದಳು. ಅವಳು ಹೋದ ದಿಕ್ಕನ್ನೇ ನೋಡುತ್ತ ನನಗೆ ಒಳಗಿನಿಂದ ನಗು ಉಕ್ಕಿ ಬಂತು. ಎಲ್ಲರೂ ಉಸಿರು ಬಿಗಿಹಿಡಿದು ಕೂತ ಹೊತ್ತಿನಲ್ಲಿ ನಾನೊಬ್ಬಳೇ ಸೆರಗು ಬಾಯಿಗೆ ಇಟ್ಟುಕೊಂಡು ನಗುತ್ತಿದ್ದೆ. ಅವಳು ಆ ಕೊನೆಯನ್ನು ಎಲ್ಲಿ ನೋಡಿರುತ್ತಾಳೆ! ಕೊನೆ ಬರುವಾಗ ಬಾಗಿಲ ಹತ್ತಿರ ಇರುವವಳಲ್ಲವೇ ಅವಳು!

ನಾನು ಸರಿಯಾಗಿ ಹಿಂದಕ್ಕೆ ಒರಗಿ ಕೂತು, ಜೀವನದಲ್ಲಿ ಮೊದಲ ಸಲ ಒಂದು ಪಿಚ್ಚರಿನ ಕೊನೆ ನೋಡಿದೆ. ಅವಳು ಉಳಿದಳೋ ಇಲ್ಲವೋ ಎಂದು ಇಲ್ಲಿ ಬರೆಯುವುದಿಲ್ಲ, ಕೊನೆ ಹೇಳಬಾರದು ಎನ್ನುವುದು ಟಾಕೀಸಿನ ನಿಯಮ. ಬಾಗಿಲ ಹತ್ತಿರ ನಿಂತಿದ್ದ ಅಶ್ವಿನಿಯ ಕಿವಿಯಲ್ಲಿ ಮಾತ್ರ ಹೇಳಿ ಬಂದೆ.